ಲೋಟದಲ್ಲಿ ಒಂದೂವರೆ, ಎಕ್ಸೆಲ್‌ನಲ್ಲಿ ಸೊನ್ನೆ

ಗೆಳೆಯರೇ, ಇವತ್ತು ಸ್ವಲ್ಪದರಲ್ಲೇ ಮರ್ಯಾದೆ ಉಳಿಯಿತು. ಗಿಣಿಗೇರಾ ಕಡೆಯ ನಮ್ಮ ಶಾಲೆಯ ಐದನೇ ತರಗತಿ ಮಕ್ಕಳು ಲೋಟದಲ್ಲಿ ಬೆಳೆಸಿದ ಹೆಸರುಕಾಳಿನ ಮೊಳಕೆಯನ್ನು ದಿನಾ ಅಳೆದು ಎಕ್ಸೆಲ್‌ನಲ್ಲಿ ತುಂಬಿದ್ದರು. ತಪಾಸಣೆಗೆ ಬಂದ ಸಾಹೇಬರ ಮುಂದೆ ಗ್ರಾಫ್ ತೆರೆದರೆ ಒಂದು ಕಂಬವೂ ಏಳಲಿಲ್ಲ.

"ಏನ್ರಿ ಟೀಚರ್, ಲೋಟದಾಗ ಬೆಳದಾವ, ಕಂಪ್ಯೂಟರಿನ್ಯಾಗ ಸತ್ತಾವಲ್ಲ?" ಎಂದರು ಸಾಹೇಬರು.

ಅಳತೆ ತುಂಬಿದ್ದ ಶಬಾನಾಳ ಸಾಲು ನೋಡಿದರೆ: ಅರ್ಧ, ಒಂದು, ಒಂದೂವರಿ! ಅಕ್ಷರವನ್ನು ಎಕ್ಸೆಲ್ ಸೊನ್ನೆ ಎಂದೇ ಹಿಡಿಯುತ್ತದೆ.

"ಅಂಕಿ ಆದ್ರ ಯಾರರ ತಿದ್ತಾರ, ಅಕ್ಷರದಾಗ ಬರೀರಿ ಅಂತ ನೀವ ಹೇಳಿದ್ರಲ್ರಿ ಟೀಚರ್," ಎಂದಳು ಶಬಾನಾ.

ಅಂಕಿ ಹೊಡೆದೆವು. ಕಂಬಗಳು ಸಾಲಾಗಿ ಎದ್ದು ನಿಂತವು, ನನಗೂ ಜೀವ ಬಂತು. ಹೊಟ್ಟೆ ಹಿಡಿದು ನಕ್ಕ ಸಾಹೇಬರು ಸಂದರ್ಶನ ಪುಸ್ತಕದಲ್ಲಿ ಬರೆದು ಹೋಗಿದ್ದಾರೆ: "ಹಾಜರಿ 22 (ಇಪ್ಪತ್ತೆರಡು ಮಾತ್ರ)."