ಎಕ್ಕದ ಎಲೆಗೆ ಬಂದ ಹೆಸರು

ಅವ್ವನ ಹಿಮ್ಮಡಿ ನೋವನ್ನು ವಾಸಿಮಾಡಿದ್ದು ಎಕ್ಕದ ಎಲೆ ಎಂಬುದು ನಮ್ಮ ಮನೆಯಲ್ಲಿ ಇತ್ಯರ್ಥವಾಗಿಹೋದ ವಿಷಯ. ನೆಂಟರು ಬಂದು ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಅಪ್ಪ ಅದನ್ನು ಹೇಳಿ ಮುಗಿಸಿರುತ್ತಾನೆ: ಮಡಿಕೇರಿಯ ಡಾಕ್ಟರ ಕೈಲಾಗದ್ದು ರಸ್ತೆ ಬದಿಯ ಗಿಡದಿಂದ ಆಯಿತು. ಕೇಳಿದವರು ತಲೆಯಾಡಿಸುತ್ತಾರೆ. ಎಲೆ ಅಷ್ಟು ಸಮರ್ಥವಾಗಿದ್ದರೆ ನೋವು ಪ್ರತಿ ಕೊಯ್ಲಿಗೂ ವಾಪಸು ಬರುವುದು ಯಾಕೆ ಎಂದು ಒಬ್ಬರೂ ಕೇಳುವುದಿಲ್ಲ. ಚರ್ಚಾಸ್ಪರ್ಧೆಗಳಲ್ಲೇ ಕಾಲೇಜು ಮುಗಿಸಿದ ನನಗೆ ಆ ತಲೆಯಾಡಿಸುವಿಕೆಯೇ ಮೈ ಉರಿಸುತ್ತದೆ.

ನಮ್ಮದು ಸೋಮವಾರಪೇಟೆ ಕಡೆಯ ಸಣ್ಣ ತೋಟ. ಕೊಯ್ದ ಕಾಫಿ ಹಣ್ಣು ಮನೆ ಮುಂದಿನ ಸಿಮೆಂಟು ಕಣದಲ್ಲಿ ಒಣಗಬೇಕು. ಒಂದೇ ಸಮ ಒಣಗಲು ಯಾರಾದರೂ ಅದರೊಳಗೆ ಪಾದ ಎಳೆದುಕೊಂಡು ಓಡಾಡಿ ಮಗುಚುತ್ತಿರಬೇಕು. ಆ ಯಾರಾದರೂ ಎಂದರೆ ಅವ್ವ. ಅದೂ ಬರಿಗಾಲಲ್ಲಿ, ಕಣ ದೇವರ ಜಾಗ, ಚಪ್ಪಲಿ ಮೆಟ್ಟಿ ಇಳಿಯುವಂತಿಲ್ಲ. ನಮ್ಮ ನಾಯಿ ಅಲ್ಲೇ ಮಲಗುತ್ತದೆ, ಅಲ್ಲೇ ಮೈ ಕೆರೆಯುತ್ತದೆ, ಇನ್ನೂ ಏನೇನೋ ಮಾಡುತ್ತದೆ. ದೇವರು ಇದುವರೆಗೆ ಆಕ್ಷೇಪ ಎತ್ತಿಲ್ಲ.

ಅವ್ವ ಬೆಳಿಗ್ಗೆ ಎದ್ದರೆ ಗೋಡೆ ಹಿಡಿಯದೆ ಹೆಜ್ಜೆ ಇಡಲಾಗದ ಸ್ಥಿತಿ ಬಂದಾಗ ಡಾಕ್ಟರಿಗೆ ತೋರಿಸಿದೆವು. ಗಟ್ಟಿ ನೆಲದಲ್ಲಿ ಬರಿಗಾಲು ಬೇಡ, ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕಿ, ಕಾಲಿಗೆ ವಿಶ್ರಾಂತಿ ಕೊಡಿ ಎಂದರು.

"ಹೇಳಕೇನು, ಅವ್ರಿಗೆ ಕಣ ಅದಾ, ಕಾಫಿ ಅದಾ" ಎಂದ ಅಪ್ಪ, ಇದು ಶೀತ ಎಂದು ತೀರ್ಪು ಕೊಟ್ಟ. ನಮ್ಮ ಮಳೆಯ ಊರಲ್ಲಿ ಎಕ್ಕ ಕಾಣುವುದು ಅಪರೂಪ. ಬೈಕು ಹತ್ತಿ ಕುಶಾಲನಗರದ ಕಡೆ ಹೋಗಿ, ಚೀಲ ತುಂಬ ಎಲೆ ತಂದು, ಬೆಟ್ಟವನ್ನೇ ಕಿತ್ತು ತಂದವನ ಗತ್ತಿನಲ್ಲಿ ಜಗಲಿಯ ಮೇಲಿಟ್ಟ.

ಬಿಸಿ ಇಟ್ಟಿಗೆ, ಅದರ ಮೇಲೆ ಎಲೆ, ಎಲೆಯ ಮೇಲೆ ಹಿಮ್ಮಡಿ. ಜೊತೆಗೆ ಪಥ್ಯ: ಔಷಧಿ ಮುಗಿಯುವ ತನಕ ಕಾಲು ನೆಲದ ತಂಡಿಗೆ ತಾಗಬಾರದು. ಹಾಗಾಗಿ ಅವ್ವ ಜಗಲಿಯಲ್ಲಿ ಕೂತಳು, ಕಣಕ್ಕೆ ಅಪ್ಪ ಇಳಿದ. ಎರಡನೇ ದಿನವೇ ಅಪ್ಪನ ಪಾದ ಉರಿಯಿತು, ಅಟ್ಟದ ಮೇಲಿದ್ದ ಗೋರುಮಣೆ ಕೆಳಗಿಳಿಯಿತು. ಉದ್ದ ಹಿಡಿಯ ಆ ಹಲಗೆಯಿಂದ ಕಾಲು ಸವೆಸದೆ ಹಣ್ಣು ಎಳೆಯಬಹುದೆಂಬುದು ಅಷ್ಟು ವರ್ಷ ಯಾರ ನೆನಪಿಗೂ ಬಂದಿರಲಿಲ್ಲ. ಕೆಲವು ವಾರಗಳಲ್ಲಿ ಅವ್ವನ ನೋವು ಇಳಿಯಿತು. ಅವ್ವ ವಾಸಿಯಾಯಿತೆಂದ ಮಾರನೇ ದಿನವೇ ಗೋರುಮಣೆ ಅಟ್ಟಕ್ಕೆ, ಅವ್ವ ಕಣಕ್ಕೆ. ಕಾಲಲ್ಲಿ ಮಗುಚಿದಷ್ಟು ಹದವಾಗಿ ಹಲಗೆಯಲ್ಲಿ ಆಗುವುದಿಲ್ಲವಂತೆ.

"ವಾಸಿ ಮಾಡಿದ್ದು ಎಲೆ ಅಲ್ಲಪ್ಪ, ಕೂತಿದ್ದು" ಎಂದೆ.

"ನೀನು ಕಪ್ ಗೆದ್ದಿದ್ದು ಮಾತಾಡಿ, ಕಾಫಿ ಒಣಗ್ಸಿ ಅಲ್ಲ."

"ಸರಿ, ಎಲೆ ಇಲ್ದೆ ಅವ್ವನ್ನ ಸುಮ್ನೆ ಕೂರ್ಸಿ ನೋಡಣ."

"ಔಷಧಿ ಇಲ್ದೆ ಕೂತ್ರೆ ಸೋಮಾರಿತನ ಅಂತಾರೆ ಅದಕ್ಕೆ."

ಅಡುಗೆಮನೆಯಿಂದ ಅವ್ವನ ದನಿ ಬಂತು. "ನೀನು ಆ ಎಲೆ ತಂಟೆಗೆ ಹೋಗ್ಬೇಡ." ನನ್ನ ಪಕ್ಷದ ಏಕೈಕ ಫಲಾನುಭವಿ ಎದುರು ಪಕ್ಷಕ್ಕೆ ಮತ ಹಾಕಿದ್ದಳು. ಯಾಕೆಂದು ಆಗ ತಿಳಿಯಲಿಲ್ಲ.

ಈ ಕೊಯ್ಲಿಗೂ ನೋವು ಬಂತು, ಬೈಕು ಹೊರಟಿತು, ಎಲೆ ಬಂತು. ಈಗ ಅವ್ವ ಗೋಡೆ ಹಿಡಿಯದೆ ಬಚ್ಚಲಿಗೆ ಹೋಗಿ ಬರುತ್ತಾಳೆ. ಮೊನ್ನೆ ಜಗಲಿಯಲ್ಲಿ ಅವಳ ಪಕ್ಕ ಕೂತು ಕಾಲಡಿಯ ಇಟ್ಟಿಗೆ ಮುಟ್ಟಿದೆ. ತಣ್ಣಗಿತ್ತು.

"ಬಿಸಿ ಮಾಡ್ಕೊಂಡ್ ಬರ್ಲಾ?"

"ಇರ್ಲಿ, ಕೂತ್ಕೋ."

ಕಣದಲ್ಲಿ ಅಪ್ಪ ಗೋರುಮಣೆ ಊರಿ ನಿಂತು ಕೂಗಿದ. "ಹೆಂಗದೆ ಕಾಲು?"

"ಇನ್ನೂ ಒಂಚೂರು ಅದೆ" ಎಂದಳು ಅವ್ವ, ಹಿಮ್ಮಡಿಯನ್ನು ಇಟ್ಟಿಗೆಗೆ ಇನ್ನಷ್ಟು ಒತ್ತಿ.

ಅಪ್ಪ ಮತ್ತೆ ಎಳೆಯತೊಡಗಿದ ಮೇಲೆ ನಾನು ದನಿ ತಗ್ಗಿಸಿ ಕೇಳಿದೆ:

"ಅವ್ವಾ, ಈ ಸಲ ನೋವು ಪೂರ್ತಿ ಹೋದ್ರೆ, ಹೋಯ್ತು ಅಂತ ಅಪ್ಪಂಗೆ ಹೇಳ್ತೀಯಾ?"