ಬೇಡಪ್ಪನ ಅರವತ್ತಮೂರು ಬೇಡಿಗಳು

ಟಿವಿಗೆ ತಂತಿ ಸಿಕ್ಕಿಸಿ ಆಡುವ ಆ ಆಟದ ಯಂತ್ರಕ್ಕೆ ಕಂಪನಿ ಇಟ್ಟ ಹೆಸರು ನಾಲ್ಕು ಪದ ಉದ್ದವಿತ್ತು. ಜನ ಅದನ್ನು ಡಬ್ಬಿ ಅಂದರು. ಜಾಹೀರಾತು ವಿಭಾಗಕ್ಕೆ ಇದರಿಂದ ಅವಮಾನವಾಗಿ, ಯಾರೂ ಡಬ್ಬಿ ಅನ್ನಕೂಡದೆಂದು ಒಂದು ಸುತ್ತೋಲೆ ಹೊರಟಿತು. ಅದನ್ನು ಹಂಚಿದ ಜವಾನನೇ ‘ಡಬ್ಬಿ ಬಗ್ಗೆ ಏನೋ ಕಾಗದ ಬಂದಿದೆ ನೋಡಿ’ ಎಂದು ಮೇಜಿಂದ ಮೇಜಿಗೆ ಹೇಳಿಕೊಂಡು ಬಂದ. ಮುಂದೆ ಡಬ್ಬಿಯ ಚರಿತ್ರೆ ಬರೆಯುವವರೂ ಹುಟ್ಟಿಕೊಂಡರು. ಯಾವ ಡಬ್ಬಿಯಲ್ಲಿ ಯಾವ ಚಿಪ್ಪು, ಎಷ್ಟು ಬಣ್ಣ, ಹಿಡಿಕೆಗೆ ಎಷ್ಟು ಗುಂಡಿ, ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿತ್ತು. ಡಬ್ಬಿಯ ಜೊತೆ ಒಂದು ಪುಸ್ತಕವೂ ಬರುತ್ತಿತ್ತೆಂಬುದು ಮಾತ್ರ ಯಾವ ಚರಿತ್ರೆಯಲ್ಲೂ ಇಲ್ಲ. ಪೆಟ್ಟಿಗೆ ಬಿಚ್ಚಿದವರು ಮೊದಲು ಎತ್ತಿ ಆಚೆ ಎಸೆಯುತ್ತಿದ್ದದ್ದು ಅದನ್ನೇ. ಆ ಪುಸ್ತಕ ಬರೆದವನು ಬೇಡಪ್ಪ.

ಬೇಡಪ್ಪ ಅವನ ಹೆಸರಲ್ಲ, ಕಚೇರಿ ದಯಪಾಲಿಸಿದ ಬಿರುದು. ಮೊದಲನೇ ಡಬ್ಬಿಗೆ ಅವನು ಬರೆದ ಕೈಪಿಡಿ ನಲವತ್ತೆಂಟು ಪುಟದ್ದು. ಮೂರನೇ ಮಹಡಿಯಲ್ಲಿ, ಜೆರಾಕ್ಸ್ ಯಂತ್ರದ ಬೆನ್ನಿಗೆ ಅಂಟಿಕೊಂಡ ಕೋಣೆಯಲ್ಲಿ, ಆ ಯಂತ್ರದ ಕಾವಿನಲ್ಲಿ ಬೆವರುತ್ತಾ ನಾಲ್ಕು ತಿಂಗಳು ಕೂತು ಬರೆದದ್ದು. ಒದ್ದೆ ಕೈಯಿಂದ ಮುಟ್ಟಬೇಡಿ. ಕಿಟಕಿಯ ಪಕ್ಕ ಇಡಬೇಡಿ. ಡಬ್ಬಿಯ ಮೇಲೆ ಹೂದಾನಿ ಇಡಬೇಡಿ. ತಂತಿ ಹಿಡಿದು ಎಳೆಯಬೇಡಿ. ಕ್ಯಾಸೆಟ್ಟಿನ ಬಾಯಿಗೆ ಊದಬೇಡಿ. ಜನ ಏನೇನು ಅನಾಹುತ ಮಾಡಬಲ್ಲರೆಂದು ಅವನು ರಾತ್ರಿ ಹಗಲು ಯೋಚಿಸಿದ್ದ. ಪ್ರತಿ ಅನಾಹುತಕ್ಕೂ ಒಂದು ‘ಬೇಡಿ’ ಇಟ್ಟಿದ್ದ.

ಅವನ ಮೇಲಧಿಕಾರಿ ಸಾಬೂನು ಮಾರುವ ವಿಭಾಗದಿಂದ ಬಡ್ತಿ ಪಡೆದು ಬಂದವರು. ಆಟದ ಬಗ್ಗೆ ಅವರಿಗೆ ಗೊತ್ತಿದ್ದದ್ದು ಸೊನ್ನೆ, ಗಿರಾಕಿಯ ಬಗ್ಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ, ಅವರ ಪ್ರಕಾರ. ಕರಡನ್ನು ತಿರುವಿ ಹಾಕಿ, ಪೆನ್ಸಿಲ್ಲಿನಿಂದ ಎಣಿಸಿ, ಬೇಡಪ್ಪನನ್ನು ಕರೆಸಿದರು.

“ಅರವತ್ತಮೂರು ಇದಾವೆ ಕಣ್ರೀ! ಬೇಡಿ, ಬೇಡಿ, ಬೇಡಿ! ಗಿರಾಕಿಗೆ ಆಟ ಆಡು ಅಂತಿದೀರೋ, ಭಿಕ್ಷೆ ಬೇಡು ಅಂತಿದೀರೋ? ಹತ್ತಕ್ಕಿಂತ ಒಂದು ಹೆಚ್ಚು ಕಂಡ್ರೂ ನಾನು ಸಹಿ ಹಾಕಲ್ಲ. ನಾಳೆ ಮುದ್ರಣಕ್ಕೆ ಹೋಗ್ಬೇಕು.”

ಒಂದೇ ದಿನದಲ್ಲಿ ಐವತ್ತಮೂರು ಬೇಡಿಗಳನ್ನು ಕಳಚಬೇಕಾಯಿತು. ಬೇಡಪ್ಪ ಅದಕ್ಕೊಂದು ಉಪಾಯ ಕಂಡುಕೊಂಡ. ಮೊದಲ ಸುತ್ತಿನಲ್ಲಿ ಎಲ್ಲ ವಾಕ್ಯಗಳ ಬಾಲ ಕತ್ತರಿಸುವುದು, ಎರಡನೇ ಸುತ್ತಿನಲ್ಲಿ ತಲೆ ತಿರುಗಿಸುವುದು. ‘ಮುಟ್ಟಬೇಡಿ’ ಹೋಗಿ ‘ಮುಟ್ಟಿ’ ಆಯಿತು. ಆಮೇಲೆ ‘ಒದ್ದೆ ಕೈಯಿಂದ’ ಹೋಗಿ ‘ಒಣ ಕೈಯಿಂದ’ ಬಂತು. ‘ಇಡಬೇಡಿ’ ಹೋಗಿ ‘ಇಡಿ’, ಆಮೇಲೆ ‘ಕಿಟಕಿಯ ಪಕ್ಕ’ ಹೋಗಿ ‘ಕಿಟಕಿಯಿಂದ ದೂರ’. ಸಂಜೆಯ ಹೊತ್ತಿಗೆ ಪುಸ್ತಕದಲ್ಲಿ ಹತ್ತೇ ಬೇಡಿಗಳು ಉಳಿದವು. ಮೇಲಧಿಕಾರಿ ಓದದೆ ಸಹಿ ಹಾಕಿದರು. ಬೇಡಪ್ಪನಿಗೆ ಹೆಸರು ಅಂಟಿದ್ದು ಅಂದಿನಿಂದಲೇ.

ಮೊದಲ ಡಬ್ಬಿಗಳಲ್ಲಿ ಒಂದನ್ನು ಕಂಪನಿ ಅವನಿಗೇ ಕೊಟ್ಟಿತು. ಮನೆಯಲ್ಲಿ ಅದನ್ನು ಆಡುವವರು ಯಾರು? ಹೆಂಡತಿಗೆ ಔಷಧಿ ಅಂಗಡಿಯ ಕೆಲಸ, ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುವವಳು. ಕೈಪಿಡಿಯನ್ನು ಕೈಯಲ್ಲಿ ತೂಗಿ ನೋಡಿ, “ನಮ್ಮಲ್ಲೂ ಮಾತ್ರೆ ಜೊತೆ ಚೀಟಿ ಬರತ್ತೆ. ಜನ ಮಾತ್ರೆ ತಗೊಂಡು ಚೀಟೀನ ಅಲ್ಲೇ ಬಿಟ್ಟು ಹೋಗ್ತಾರೆ. ಪಾಪ, ಅದನ್ನ ಬರ್ದೋರೂ ನಿಮ್ಮ ಥರಾನೇ ಯಾರೋ ಇರ್ಬೇಕು” ಎಂದು ಸಮಾಧಾನ ಹೇಳಿದಳು. ಅಂಥ ಸಮಾಧಾನ ಹೇಳುವುದರಲ್ಲಿ ಅವಳು ಎತ್ತಿದ ಕೈ.

ಡಬ್ಬಿ ಅತ್ತೆಯ ಪಾಲಾಯಿತು. ಹೆಂಡತಿಯ ತಾಯಿ ಅವರ ಜೊತೆಗೇ ಇದ್ದರು. ಆಸ್ಪತ್ರೆಯಲ್ಲಿ ಕತ್ತರಿ, ಚಿಮಟಗಳನ್ನು ಕುದಿಸಿ ಬಟ್ಟೆಯಲ್ಲಿ ಸುತ್ತಿಡುವ ಕೆಲಸವನ್ನು ಮೂವತ್ತು ವರ್ಷ ಮಾಡಿ ಆಗಷ್ಟೇ ನಿವೃತ್ತರಾಗಿದ್ದರು. ಎಷ್ಟು ನಿಮಿಷ ಕುದಿಸಬೇಕು, ಬಟ್ಟೆಯ ಯಾವ ಮಡಿಕೆ ಮೊದಲು, ಯಾವುದು ಆಮೇಲೆ ಎಂದು ಅಲ್ಲಿ ಗೋಡೆಯ ಮೇಲೆ ಬರೆದಿತ್ತಂತೆ. ಮೂವತ್ತು ವರ್ಷ ಅವರು ಅದನ್ನು ಒಂದಕ್ಷರ ಅತ್ತಿತ್ತ ಮಾಡಿದವರಲ್ಲ. ನಿವೃತ್ತಿಯ ಮೇಲೆ ಮಧ್ಯಾಹ್ನಗಳು ಉದ್ದವಾದವು. ದಿನವೂ ನಾಲ್ಕು ಗಂಟೆಗೆ ಡಬ್ಬಿಯ ಮೇಲಿನ ಬಟ್ಟೆ ತೆಗೆದು ಕೂರುತ್ತಿದ್ದರು.

ಡಬ್ಬಿಯೊಂದಿಗೆ ಬಂದ ಆಟದಲ್ಲಿ ಟೋಪಿ ಹಾಕಿದವನೊಬ್ಬ ಹನ್ನೆರಡು ಸೇತುವೆ ದಾಟಬೇಕು. ಅತ್ತೆ ಮೊದಲನೆಯದನ್ನು ದಾಟುತ್ತಿದ್ದರು. ಮರುದಿನ ಕೇಳಿದರೂ ಮೊದಲನೆಯದೇ, ವರ್ಷ ಬಿಟ್ಟು ಕೇಳಿದರೂ ಮೊದಲನೆಯದೇ. ಬೇಡಪ್ಪನಿಗೆ ಇದೊಂದು ಹಬ್ಬವಾಯಿತು. ನೆಂಟರು ಬಂದರೆ, “ನಮ್ಮ ಅತ್ತೆ ಸೇತುವೆ ತಜ್ಞರು. ಒಂದೇ ಸೇತುವೆ, ಆದ್ರೆ ಅದರ ಮೇಲೆ ಅವರಷ್ಟು ಓಡಾಡಿದೋರು ಲೋಕದಲ್ಲಿಲ್ಲ” ಎನ್ನುತ್ತಿದ್ದ. ನೆಂಟರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅತ್ತೆ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಇತ್ತ ಡಬ್ಬಿ ಬೆಳೆಯಿತು. ಮೊದಲನೆಯದು ಕಂದುಬಣ್ಣದ್ದು, ಕ್ಯಾಸೆಟ್ಟು ನುಂಗುವಂಥದ್ದು. ಎರಡನೆಯದು ಬೆಳ್ಳಿಬಣ್ಣದ್ದು, ಸಿಡಿ ತಟ್ಟೆ ನುಂಗುವಂಥದ್ದು. ಅದಕ್ಕೆ ‘ಎರಡು’ ಎಂದೇ ಹೆಸರಿಟ್ಟರು, ಕಂಪನಿಯ ಇತಿಹಾಸದಲ್ಲಿ ಬುದ್ಧಿ ನೆಟ್ಟಗಿದ್ದ ಕಾಲ ಅದು. ಮೂರನೆಯದಕ್ಕೆ ‘ಐದು’ ಎಂದು ಹೆಸರಿಟ್ಟರು, ಏಕೆಂದರೆ ಎದುರಾಳಿ ಕಂಪನಿ ಆಗಲೇ ‘ನಾಲ್ಕು’ ತಂದಿತ್ತು. ನಾಲ್ಕನೆಯದಕ್ಕೆ ಮತ್ತೆ ‘ಒಂದು’ ಎಂದರು. ಯಾಕೆಂದು ಕೇಳಿದರೆ, ಇದು ಹೊಸ ಆರಂಭ ಅಂದರು. ಅಂಗಡಿಗಳಲ್ಲಿ ‘ಹಳೇ ಒಂದು ಕೊಡ್ಲಾ, ಹೊಸ ಒಂದು ಕೊಡ್ಲಾ?’ ‘ಒಂದಲ್ಲಪ್ಪ, ಎರಡು ಬೇಕು.’ ‘ಎರಡು ನಿಂತುಹೋಗಿದೆ.’ ‘ಅಯ್ಯೋ, ನನಗೆ ಬೇಕಿರೋದು ಎರಡು ಒಂದು!’ ಎಂದು ಮಾತು ಕೈಕೈ ಮಿಲಾಯಿಸುವ ಹಂತಕ್ಕೆ ಬಂತು.

ಡಬ್ಬಿ ಹಿಗ್ಗಿದಂತೆಲ್ಲ ಕೈಪಿಡಿ ಕುಗ್ಗಿತು. ನಲವತ್ತೆಂಟು ಪುಟ ಮೂವತ್ತೆರಡಾಯಿತು, ಮೂವತ್ತೆರಡು ಹನ್ನೆರಡಾಯಿತು, ಹನ್ನೆರಡು ಒಂದು ಮಡಿಚಿದ ಹಾಳೆಯಾಯಿತು. ಪ್ರತಿ ಸಲವೂ ಹಳೆಯದರಿಂದ ಮುಖ್ಯವಾದ ಸಾಲುಗಳನ್ನು ಹಾಗೆಹಾಗೇ ಎತ್ತಿ ಹೊಸದರಲ್ಲಿ ಕೂರಿಸುವುದೇ ಬೇಡಪ್ಪನ ಕೆಲಸ. ಅವನ ಮೇಜಿನ ಮೇಲೊಂದು ತಟ್ಟೆಯಿತ್ತು, ‘ಓದುಗರ ಪತ್ರ’ ಎಂದು ತಾನೇ ಚೀಟಿ ಅಂಟಿಸಿದ್ದ. ಇಪ್ಪತ್ತನಾಲ್ಕು ವರ್ಷಗಳಲ್ಲಿ ಅದಕ್ಕೆ ಎರಡು ಪತ್ರ ಬಂದಿದ್ದವು. ಒಂದು ಹಿಡಿಕೆಯ ತಂತಿ ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳಿದ್ದು, ಇನ್ನೊಂದು ಮಿಕ್ಸರ್ ಕಂಪನಿಗೆ ಹೋಗಬೇಕಾದದ್ದು. ತಾನು ಬರೆದದ್ದನ್ನು ಒಬ್ಬರಾದರೂ ಮೊದಲಿಂದ ಕೊನೆಯವರೆಗೆ ಓದಿರಬೇಕೆಂಬುದು ಅವನ ಒಂದೇ ಆಸೆ. ಅದನ್ನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ, ಹೇಳಿದರೆ ಹೆಂಡತಿ ಮತ್ತೆ ಸಮಾಧಾನ ಹೇಳುತ್ತಾಳೆಂಬ ಭಯ.

ಹೊಸ ಡಬ್ಬಿ ಬಂದಾಗಲೆಲ್ಲ ಒಂದನ್ನು ಮನೆಗೆ ತರುತ್ತಿದ್ದ. ಅತ್ತೆ ಪೆಟ್ಟಿಗೆಯೊಳಗೆ ಕೈ ಹಾಕಿ ತಡಕಾಡಿ, “ಇದರ ಪುಸ್ತಕ ಎಲ್ಲಿ? ಇಷ್ಟೇನಾ? ನನಗೆ ನನ್ನ ಹಳೇದೇ ಸಾಕು” ಎಂದು ಹಿಂದಕ್ಕೆ ತಳ್ಳುತ್ತಿದ್ದರು. ವಯಸ್ಸಾದವರ ಹಟ ಎಂದುಕೊಳ್ಳುತ್ತಿದ್ದ ಬೇಡಪ್ಪ. ಅದೊಂದು ಮೆಚ್ಚುಗೆಯ ಮಾತಿರಬಹುದೆಂದು ಆ ಮಹಾನುಭಾವನಿಗೆ ಹೊಳೆಯಲಿಲ್ಲ.

ಐದನೇ ಡಬ್ಬಿ ತಯಾರಾಗುವ ಹೊತ್ತಿಗೆ ಸಾಬೂನಿನವರು ನಿವೃತ್ತರಾಗಿ ಹೊಸ ಮೇಲಧಿಕಾರಿ ಬಂದಿದ್ದರು. ಈ ಸಲ ಹಾಳೆಯೂ ಬೇಡ, ಒಂದು ಅಂಟುಚೀಟಿ ಸಾಕು, ಅದರ ಮೇಲಿನ ಚೌಕಕ್ಕೆ ಫೋನು ಹಿಡಿದರೆ ಎಲ್ಲ ತಿಳಿಯುತ್ತದೆ ಎಂಬ ಮಾತು ನಡೆದಿತ್ತು. ತೀರ್ಮಾನ ಮಾತ್ರ ಆಗಿರಲಿಲ್ಲ. ಕಾಗದದ ಕೈಪಿಡಿ ಹೋದರೆ ಬೇಡಪ್ಪನ ಕುರ್ಚಿಯೂ ಹೋದ ಹಾಗೆಯೇ. ಅಷ್ಟರಲ್ಲಿ ಕಂಪನಿ ಡಬ್ಬಿಯ ಚರಿತ್ರೆಯನ್ನು ಸಾರುವ ಪ್ರದರ್ಶನವೊಂದನ್ನು ಹೂಡಿತು. ಮೊದಲ ಕೈಪಿಡಿಯನ್ನು ಗೋಡೆಯೆತ್ತರ ಮಾಡಿ ತೂಗುಹಾಕಬೇಕು, ಹೊಸದಾಗಿ ಟೈಪ್ ಮಾಡಿಕೊಡಿ ಎಂದು ಅವನಿಗೇ ಹೇಳಿದರು. ಬೇಡಪ್ಪ ಉಬ್ಬಿಹೋದ. ಗೋಡೆಯ ಮೇಲೆ ಹಾಕಿದ ಮೇಲಾದರೂ ಜನ ಓದದೆ ಎಲ್ಲಿಗೆ ಹೋಗುತ್ತಾರೆ!

ಟೈಪ್ ಮಾಡುತ್ತಾ ಮಾಡುತ್ತಾ ಪುಟ ಇಪ್ಪತ್ತಮೂರಕ್ಕೆ ಬಂದ. ಅಲ್ಲಿ ಹೀಗಿತ್ತು: ‘ಕೆಂಪು ದೀಪ ಮಿನುಗುತ್ತಿರುವಾಗ ಸ್ವಿಚ್ ಆರಿಸಿ.’

ಅವನ ಬೆರಳು ನಿಂತಿತು. ದೀಪ ಮಿನುಗುವುದೆಂದರೆ ಡಬ್ಬಿ ಆಟವನ್ನು ನೆನಪಿಗೆ ಬರೆದುಕೊಳ್ಳುತ್ತಿದೆ ಎಂದು. ಆಗ ಆರಿಸಿದರೆ ಅಷ್ಟುದ್ದ ಆಡಿದ್ದೆಲ್ಲ ಗಂಗಾರ್ಪಣೆ. ‘ದೀಪ ನಿಂತ ಮೇಲೆ ಆರಿಸಿ’ ಎಂದಿರಬೇಕಿತ್ತು. ಬಾಲ ಕತ್ತರಿಸಿದ್ದ, ತಲೆ ತಿರುಗಿಸಲು ಹೊರಟಾಗ ಮುದ್ರಣಾಲಯದಿಂದ ಫೋನು ಬಂದಿತ್ತು. ವಾಪಸು ಬಂದು ಕೂತವನು ಇಪ್ಪತ್ತನಾಲ್ಕನೇ ಪುಟದಿಂದ ಶುರುಮಾಡಿದ್ದ. ಕಪಾಟು ತೆರೆದು ಎರಡನ್ನೂ, ಐದನ್ನೂ, ಹೊಸ ಒಂದನ್ನೂ ತೆಗೆದು ನೋಡಿದ. ಎಲ್ಲದರಲ್ಲೂ ಅದೇ ಸಾಲು, ಅವನೇ ಭಕ್ತಿಯಿಂದ ಎತ್ತಿ ಕೂರಿಸಿದ್ದು.

ಬೆವರು ಒರೆಸಿಕೊಂಡು ನೇರ ಮೇಲಧಿಕಾರಿಯ ಕೋಣೆಗೆ ಹೋಗಿ ತಪ್ಪೊಪ್ಪಿಕೊಂಡ. ಬೈಗುಳ ಬೀಳುತ್ತದೆ, ಕೆಲಸವೇ ಹೋಗುತ್ತದೆ ಎಂದು ಗಟ್ಟಿಮನಸ್ಸು ಮಾಡಿಕೊಂಡಿದ್ದ. ಮೇಲಧಿಕಾರಿ ನಾಲ್ಕೂ ಕೈಪಿಡಿ ನೋಡಿದರು.

“ಒಂದಾದ್ರೂ ದೂರು ಬಂದಿದೆಯಾ?”

“ಇಲ್ಲ ಸಾರ್.”

“ಇಪ್ಪತ್ತನಾಲ್ಕು ವರ್ಷದಲ್ಲಿ?”

“ಒಂದೂ ಇಲ್ಲ ಸಾರ್.”

ಅವರು ಕುರ್ಚಿಯಿಂದ ಎದ್ದು ಬೇಡಪ್ಪನ ಕೈ ಕುಲುಕಿದರು. “ಅದ್ಭುತ ಕಣ್ರೀ! ಕೈಪಿಡಿ ಯಾರೂ ಓದಲ್ಲ ಅಂತ ನಾನು ಬಡ್ಕೋತಿದ್ದೆ, ಮೇಲಿನೋರು ಪುರಾವೆ ಕೇಳ್ತಿದ್ರು. ಇದಕ್ಕಿಂತ ಪುರಾವೆ ಬೇಕಾ? ಮಧ್ಯಾಹ್ನದ ಸಭೆಯಲ್ಲಿ ಇದನ್ನೇ ತೋರಿಸ್ತೀನಿ.” ತೋರಿಸಿದರು ಕೂಡ. ಸಭೆ ಬಿದ್ದು ಬಿದ್ದು ನಕ್ಕು ಅಂಟುಚೀಟಿಗೆ ಒಪ್ಪಿಗೆ ಕೊಟ್ಟಿತು. ತಿಂಗಳ ಕೊನೆಗೆ ಕೋಣೆ ಖಾಲಿ ಮಾಡಿಕೊಡಿ, ಜೆರಾಕ್ಸ್ ಯಂತ್ರಕ್ಕೆ ಜಾಗ ಸಾಲುತ್ತಿಲ್ಲ ಎಂದು ಬೇಡಪ್ಪನಿಗೆ ತಿಳಿಸಲಾಯಿತು. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಅಂದು ಅವನು ನಾಲ್ಕೂವರೆಗೇ ಮನೆಗೆ ಬಂದ. ಅಷ್ಟು ಬೇಗ ಬಂದದ್ದು ಅದೇ ಮೊದಲು. ಅತ್ತೆಯ ಕೋಣೆಯ ಬಾಗಿಲು ತೆರೆದಿತ್ತು. ಎಂಬತ್ತು ವರ್ಷದ ಅತ್ತೆ ಬೆತ್ತದ ಕುರ್ಚಿಯ ತುದಿಯಲ್ಲಿ ಕೂತು, ಹಿಡಿಕೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದರು. ಪಕ್ಕದ ಸ್ಟೂಲಿನ ಮೇಲೆ ಕಂದು ಡಬ್ಬಿ, ಅದರ ಪಕ್ಕ ಬೈಂಡು ಹಾಕಿದ ಪುಸ್ತಕವೊಂದು. ಪುಟದ ಗುರುತಿಗೆ ಹೇರ್‌ಪಿನ್ನು ಸಿಕ್ಕಿಸಿದ್ದರು. ಟೋಪಿಯವನು ಸೇತುವೆ ದಾಟಿ ಪರದೆಯೊಳಗಿನ ಬಾಗಿಲ ಮುಂದೆ ನಿಂತ. ಬಾಗಿಲು ತೆರೆಯಿತು. ಡಬ್ಬಿಯ ಕೆಂಪು ದೀಪ ಮಿನುಗತೊಡಗಿತು. ಅತ್ತೆ ತಟ್ಟನೆ ಬಾಗಿ ಸ್ವಿಚ್ ಆರಿಸಿಬಿಟ್ಟರು.

“ಅತ್ತೆ, ಯಾಕೆ ಆರಿಸಿದ್ರಿ?”

“ದೀಪ ಮಿನುಗ್ತಲ್ಲ.” ಪ್ರಶ್ನೆಯೇ ಅವರಿಗೆ ವಿಚಿತ್ರವಾಗಿ ಕಂಡಿತು. “ಮಿನುಗುವಾಗ ಆರಿಸಿ ಅಂತ ನೀವೇ ಬರ್ದಿದೀರಲ್ಲ. ಪುಟ ಇಪ್ಪತ್ಮೂರು.”

“ದಿನಾ ಹೀಗೇ ಆರಿಸ್ತೀರಾ?”

“ಒಂದಿನಾನೂ ತಪ್ಪಿಸಿಲ್ಲ. ಹತ್ತು ಎಣಿಸೋಷ್ಟರಲ್ಲಿ ನಿಂತ್ಹೋಗತ್ತೆ ಅದು. ಮೊದಮೊದಲು ಕೈ ಓಡ್ತಿರಲಿಲ್ಲ, ಈಗ ಅಭ್ಯಾಸ ಆಗಿದೆ.”

ಬೇಡಪ್ಪನಿಗೆ ಮೊದಲು ಆದದ್ದು ಸಂತೋಷ. ನಾಚಿಕೆಗೇಡು, ಆದರೂ ಸಂತೋಷವೇ. ಓದಿದ್ದಾರೆ! ಒಬ್ಬರು ಓದಿದ್ದಾರೆ, ಪುಟದ ಸಂಖ್ಯೆ ಸಮೇತ! ಅದರ ಬೆನ್ನಿಗೇ ಆ ಸೇತುವೆ, ಇಪ್ಪತ್ತನಾಲ್ಕು ವರ್ಷದ ಮಧ್ಯಾಹ್ನಗಳು, ನೆಂಟರ ನಗು ಎಲ್ಲ ಒಟ್ಟಿಗೆ ನೆನಪಾಗಿ ನೆಲದ ಮೇಲೆ ಕೂತುಬಿಟ್ಟ.

“ಮರುದಿನ ಮತ್ತೆ ಮೊದಲಿಂದ ಶುರುವಾದಾಗ ನಿಮಗೆ ಏನೂ ಅನ್ನಿಸ್ಲಿಲ್ವಾ ಅತ್ತೆ?”

“ಅನ್ನಿಸದೆ ಏನು? ಇದೆಂಥ ಆಟಾನೋ ಅನ್ನಿಸ್ತು. ಅಳಿಯಂದಿರು ತಿಳ್ಕೊಂಡೇ ಬರ್ದಿರ್ತಾರೆ ಅಂತ ಸುಮ್ನಾದೆ. ನೀವು ನೋಡಿದ್ರೆ, ಒಂದೇ ಸೇತುವೆ ಅಂತ ಎಲ್ಲರ ಮುಂದೆ ನಗ್ತಿದ್ರಿ. ನಿಮ್ಮ ಪುಸ್ತಕಾನೇ ನನ್ನ ಮುಂದೆ ಬಿಡ್ತಿಲ್ಲ ಅಂತ ಹೇಳಿ ನೆಂಟರೆದುರು ನಿಮ್ಮ ಮರ್ಯಾದೆ ತೆಗೀಲಾ?”

ಬೇಡಪ್ಪ ಕುರ್ಚಿಯ ಬಳಿಗೆ ಸರಿದ. “ಅತ್ತೆ, ಅಲ್ಲೊಂದು ಬೇಡಿ ಬಿಟ್ಟುಹೋಗಿದೆ. ನನ್ನ ತಪ್ಪು. ಇನ್ನೊಂದ್ಸಲ ಆಡಿ, ನಾನು ಇಲ್ಲೇ ಇರ್ತೀನಿ.”

ಅತ್ತೆ ಸ್ವಿಚ್ ಹಾಕಿದರು. ಟೋಪಿಯವನು ಮತ್ತೆ ಹೊರಟ. ಅವರ ಬೆರಳುಗಳಿಗೆ ಆ ಸೇತುವೆಯ ಪ್ರತಿ ಹಲಗೆಯೂ ಗೊತ್ತಿತ್ತು, ಕಣ್ಣು ಮುಚ್ಚಿಕೊಂಡೂ ದಾಟಿಸಬಲ್ಲರು. ಬಾಗಿಲು ತೆರೆಯಿತು. ಕೆಂಪು ದೀಪ ಮಿನುಗಿತು. ಅತ್ತೆಯ ಕೈ ತಾನೇ ತಾನಾಗಿ ಸ್ವಿಚ್ಚಿನ ಕಡೆ ಓಡಿತು.

“ಬೇಡಿ! ಬೇಡಿ ಅತ್ತೆ!” ಎಂದು ಕೂಗಿ ಬೇಡಪ್ಪ ಆ ಕೈಯನ್ನು ಹಿಡಿದುಕೊಂಡ.

ದೀಪ ನಿಂತಿತು. ಪರದೆಯ ಮೇಲೆ ಎರಡನೇ ಸೇತುವೆ ಬಂತು. ಅದೂ ಅದೇ ಸೇತುವೆ, ನೀಲಿ ಬಣ್ಣ ಬಳಿದಿದ್ದರು ಅಷ್ಟೇ. ಅತ್ತೆ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಅಳಿಯನ ಜೇಬಿನಿಂದ ಪೆನ್ನು ಎಳೆದುಕೊಂಡು, ಹೇರ್‌ಪಿನ್ನಿದ್ದ ಪುಟ ತೆರೆದು, ‘ಆರಿಸಿ’ಯ ಕೊನೆಯಕ್ಷರ ಹೊಡೆದು ಅದರ ಮೇಲೆ ‘ಸಬೇಡಿ’ ಎಂದು ಗುಂಡಗೆ ಬರೆದರು. ಪುಸ್ತಕದಲ್ಲಿ ಹನ್ನೊಂದನೇ ಬೇಡಿ ಸೇರಿತು. ಪೆನ್ನು ವಾಪಸು ಕೊಡಲಿಲ್ಲ. ಪುಟಗಳನ್ನು ಒಂದೊಂದಾಗಿ ತಿರುವುತ್ತಾ ನಲವತ್ತೆಂಟಕ್ಕೆ ಬಂದು, ಕೊನೆಯ ಸಾಲಿನ ಕೆಳಗೆ ಬೆರಳಿಟ್ಟರು.

“ಇಲ್ಲಿ ‘ಆಟವನ್ನು ಆನಂದಿಸಿ’ ಅಂತಿದೆ. ಇದಾದ್ರೂ ಸರೀನಾ, ಇಲ್ಲೂ ಏನಾದ್ರೂ ಬಿಟ್ಟುಹೋಗಿದೆಯಾ?”