ಮೊಣಕೈ ನೇರ

ಮಣಿಪಾಲದ ನಮ್ಮ ವೃತ್ತಿ ತರಬೇತಿ ಕಾಲೇಜಿನ ವರ್ಕ್‌ಶಾಪನ್ನು ಅವರು ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ತೆರೆಯುತ್ತಿದ್ದರು. ಹುದ್ದೆಯಲ್ಲಿ ಅಟೆಂಡರ್. ಆದರೆ ಕಬ್ಬಿಣ ಉಜ್ಜುವ ಅರವನ್ನು ಹಿಡಿಯಲು ನಮಗೆ ಕಲಿಸಿದವರು ಅವರೇ. ಯಾರಾದರೂ ಗಡಿಬಿಡಿ ಮಾಡಿದರೆ ಮೊಣಕೈ ಹಿಡಿದು ನೇರ ಮಾಡುವರು: "ಅವಸರ ಎಂತ ಮಾರಾಯ? ಕಬ್ಬಿಣಕ್ಕೆ ಅಜೆಕಾರಿನ ಬಸ್ಸು ಹಿಡಿಯಲಿಕ್ಕೆ ಉಂಟಾ?"

ಸರ್ಟಿಫಿಕೇಟ್ ಪಡೆದರೆ ಬೋಧಕರ ಹುದ್ದೆ ಕೊಡುವುದಾಗಿ ಪ್ರಾಂಶುಪಾಲರು ಅವರಿಗೆ ಹೇಳಿದ್ದರು. ಹಾಗಾಗಿ ಎಪ್ಪತ್ತರ ದಶಕದ ಕೊನೆಯಲ್ಲಿ, ತಲೆ ನರೆತ ಮೇಲೆ, ನಮ್ಮೊಂದಿಗೇ ಪರೀಕ್ಷೆಗೆ ಕುಳಿತರು. ಪ್ರಾಯೋಗಿಕ ಪರೀಕ್ಷೆಯಲ್ಲಿ ಅವರ ಪಕ್ಕದಲ್ಲೇ ನಾನಿದ್ದೆ. ನನ್ನ ಅರ ಓರೆಯಾಯಿತು. ಅವರು ಕೈ ಚಾಚಿ ನನ್ನ ಮೊಣಕೈಯನ್ನು ನೇರ ಮಾಡಿದರು.

"ನೀವಿಲ್ಲಿ ಅಭ್ಯರ್ಥಿ. ಇನ್ನೊಬ್ಬರಿಗೆ ಹೇಳಿಕೊಡುವ ಹಾಗಿಲ್ಲ. ಹೊರಗೆ ಹೋಗಿ," ಎಂದರು ಹೊರ ಊರಿನಿಂದ ಬಂದಿದ್ದ ಪರೀಕ್ಷಕರು.

"ಅಭ್ಯಾಸ ಸಾರ್. ಕೈ ತನ್ನಷ್ಟಕ್ಕೆ ಹೋಯಿತು."

ಅವರು ಅರವನ್ನು ಮೇಜಿನ ಮೇಲಿಟ್ಟು ಹೊರಗೆ ಹೋದರು. ನಾನು ತಲೆ ಎತ್ತಲಿಲ್ಲ.

ನಾನು ಪಾಸಾದೆ. ಆ ಸರ್ಟಿಫಿಕೇಟಿನಿಂದ ಡಿಪ್ಲೊಮಾ ಸೀಟು ಸಿಕ್ಕಿತು, ಮುಂದೆ ವಿಶ್ವವಿದ್ಯಾಲಯದ ದಾರಿಯೂ ತೆರೆಯಿತು. ಸುದ್ದಿ ಹೇಳಲು ಹೋದ ದಿನವೂ ಅವರು ಅಟೆಂಡರ್ ಆಗಿಯೇ ಇದ್ದರು; ವರ್ಕ್‌ಶಾಪಿನ ಬಾಗಿಲು ಎಂಟಕ್ಕೇ ತೆರೆದಿತ್ತು.

"ಒಳ್ಳೆಯದಾಯಿತು. ಅಲ್ಲಿಯೂ ಮೊಣಕೈ ನೇರ ಇಡು ಮಾರಾಯ," ಎಂದರು. ಆಮೇಲೆ, ಆಗಲೇ ಒರೆಸಿ ಮುಗಿಸಿದ್ದ ಮೇಜನ್ನು ಮತ್ತೆ ಒರೆಸತೊಡಗಿದರು.